ಮಾವನ ಗರಗಸ ಎಡಕ್ಕೆ ಎಳೆಯುತ್ತದೆ

ಶಿಜುಓಕಾ, 1986 ಸೆಪ್ಟೆಂಬರ್ 9

ಮೊಚಿಜುಕಿಯವರ ಸಗಟು ಅಂಗಡಿಯಿಂದ ಈ ಸಲದ ದೊಡ್ಡ ಕೆಲಸ ಬಂತು. ಮಾರ್ಚ್ ತಿಂಗಳ ಬೊಂಬೆ ಹಬ್ಬಕ್ಕೆ ಇಪ್ಪತ್ತು ಬೀರು. ಬೀರು ಅಂದರೆ ನನ್ನ ಹೆಬ್ಬೆರಳಿನ ಎತ್ತರ. ಒಂದೊಂದಕ್ಕೂ ಐದು ಡ್ರಾಯರ್, ಐದೂ ಎಳೆದರೆ ಬರಬೇಕು, ತಳ್ಳಿದರೆ ಹೋಗಬೇಕು. ಡ್ರಾಯರಿನ ಹಲಗೆ ಉಗುರಿನ ದಪ್ಪ. ಮೂಲೆಗೆ ಅಂಟು ಹಚ್ಚಿ ತಿಪ್ಪೆ ಸಾರಿಸುವಂತಿಲ್ಲ, ಕೈಬೆರಳು ಹೆಣೆದ ಹಾಗೆ ಎರಡು ಹಲಗೆಗಳು ಒಂದರೊಳಗೊಂದು ಕೂರಬೇಕು. ಮರ ಹಿಪ್ಪುನೇರಳೆ, ಕಲ್ಲಿನಂಥದ್ದು. ನವೆಂಬರ್ ಮುಗಿಯುವುದರೊಳಗೆ ಒಪ್ಪಿಸಬೇಕು.

ಇಂಥ ಕೆಲಸಕ್ಕೆ ನಮ್ಮ ಮನೆಯಲ್ಲಿರುವುದು ಒಂದೇ ಗರಗಸ. ಕಾಗದದಷ್ಟು ತೆಳುವಾದ ಅಲಗು, ಬಾಗದಿರಲಿ ಅಂತ ಅದರ ಬೆನ್ನಿಗೆ ಕಬ್ಬಿಣದ ಪಟ್ಟಿ. ಅದನ್ನು ಬಡಿದ ಕಮ್ಮಾರ ಸತ್ತು ಹದಿನೈದು ವರ್ಷವಾಯಿತು. ಹಲ್ಲು ಮೊಂಡಾದಾಗಲೆಲ್ಲ ಮಾವನವರು ಕಿಟಕಿ ಪಕ್ಕದ ತಮ್ಮ ಮಣೆಯ ಮೇಲೆ ಕೂತು, ಅರ ಹಿಡಿದು, ಒಂದೊಂದೇ ಹಲ್ಲನ್ನು ಹರಿತ ಮಾಡುತ್ತಾರೆ. ನನ್ನ ಗಂಡ ತೀರಿಕೊಂಡ ಈ ನಾಲ್ಕು ವರ್ಷದಿಂದ ಮರ ಕೊಯ್ಯುವುದು ನಾನು, ಹಲ್ಲು ಅರೆಯುವುದು ಅವರು.

ಅವರಿಗೆ ಎಪ್ಪತ್ತೆಂಟು. ಎರಡು ವರ್ಷದಿಂದ ಬಲಗೈ ನಡುಗುತ್ತದೆ. ಹಾಗಾಗಿ ಎಡಗಡೆಯ ಹಲ್ಲುಗಳು ಕೂದಲೆಳೆಯಷ್ಟು ಹೊರಗೆ ಉಳಿದುಬಿಡುತ್ತವೆ, ಗರಗಸ ಎಡಕ್ಕೆ ಎಳೆಯುತ್ತದೆ. ಅವರು ಹಿತ್ತಿಲಿಗೆ ಹೋದ ಹೊತ್ತು ನೋಡಿ ನಾನು ನುಣುಪು ಸಾಣೆಕಲ್ಲನ್ನು ಎಡಗಡೆ ಒಂದೇ ಒಂದು ಸಲ ಸವರುತ್ತೇನೆ. ಅಷ್ಟು ಸಾಕು, ನೆಟ್ಟಗೆ ಕೊಯ್ಯುತ್ತದೆ. ಅವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅರ ಹಿಡಿದು ಕೂತಾಗ ಅವರ ಮುಖ ನೋಡಬೇಕು, ಮಗುವಿನ ಮುಖ. ಆ ಕೆಲಸವೂ ಹೋದರೆ ಅವರಿಗೆ ಬೆಳಗ್ಗೆ ಹಾಸಿಗೆ ಬಿಟ್ಟು ಏಳಲು ಕಾರಣವೇ ಇರುವುದಿಲ್ಲ.

ಸೆಪ್ಟೆಂಬರ್ 17

ಮಾದರಿ ಡ್ರಾಯರ್ ನೋಡಲು ಮೊಚಿಜುಕಿಯವರು ಬಂದಿದ್ದರು. ಕನ್ನಡಕ ಹಣೆಗೇರಿಸಿ, ಡ್ರಾಯರನ್ನು ಕಣ್ಣಿಗೆ ತಾಗಿಸುವಷ್ಟು ಹತ್ತಿರ ಹಿಡಿದು, "ಅಬ್ಬಾ, ಎಲ್ಲಿ ಕೊಯ್ದಿದ್ದೀರಾ ಅಂತಲೇ ಗೊತ್ತಾಗಲ್ಲ" ಅಂದರು. ನನಗೆ ಎದೆಯುಬ್ಬಿ ಬಂತು. ಅದನ್ನು ಕೊಯ್ಯಲು ಎರಡು ದಿನ ಉಸಿರು ಬಿಗಿಹಿಡಿದು ಕೂತಿದ್ದೆ.

ಮಾವನವರು ಕೂತಲ್ಲಿಂದಲೇ ಅಂದರು, "ಹಲ್ಲು ಅರೆದಿರೋದು ನಾನು ಮೊಚಿಜುಕಿ. ಎಳೆಯೋ ಕೈ ಯಾರದ್ದಾದ್ರೇನು? ಮಂಗನ ಕೈಗೆ ಕೊಟ್ರೂ ನೆಟ್ಟಗೇ ಕೊಯ್ಯುತ್ತೆ."

ಟೀ ತರಲು ಹೋಗಿದ್ದ ನಾನು ಆಗಷ್ಟೇ ತಟ್ಟೆ ಹಿಡಿದು ಒಳಗೆ ಬಂದಿದ್ದೆ.

"ನಿಮ್ಮನೆ ಮಂಗ ಟೀನೂ ತಂದ್ಕೊಡುತ್ತಲ್ಲ ಯಜಮಾನ್ರೇ!" ಅಂದರು ಮೊಚಿಜುಕಿಯವರು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ನಗಬೇಕಾಗುತ್ತದೆ. ಬಟ್ಟಲುಗಳನ್ನು ಎರಡೂ ಕೈಯಿಂದ ಅವರ ಮುಂದಿಟ್ಟು, ಬಗ್ಗಿ ನಮಸ್ಕರಿಸಿ, ಅಡುಗೆಮನೆಗೆ ಬಂದು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಸೆಪ್ಟೆಂಬರ್ 18

ಮಾವನವರು ಗರಗಸ ಹರಿತ ಮಾಡಿಟ್ಟರು. ನಾನು ಕಲ್ಲು ಸವರಲಿಲ್ಲ. ಮರೆತು ಅಲ್ಲ.

ಸೆಪ್ಟೆಂಬರ್ 20

ಮೂರು ಡ್ರಾಯರ್ ಹಾಳಾದವು. ಗೆರೆ ಹಿಡಿದು ಹೊರಟ ಗರಗಸ ಅರ್ಧ ದಾರಿಗೆ ಎಡಕ್ಕೆ ವಾಲಿತು. ನಾನು ಒತ್ತಿ ಸರಿಪಡಿಸಲೂ ಹೋಗಲಿಲ್ಲ. ಅದು ಹೋದಲ್ಲಿಗೆ ಹೋಗಲಿ ಅಂತ ಬಿಟ್ಟೆ.

ತುಂಡುಗಳನ್ನು ಮಾವನವರ ಮುಂದೆ ಇಟ್ಟೆ. ಅವರು ಕಣ್ಣಿನ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ನಿನ್ನ ಮಣಿಕಟ್ಟು ಸರಿ ಇಲ್ಲ. ಮೈಯಲ್ಲಿ ಹುಷಾರಿಲ್ವಾ?"

"ಚೆನ್ನಾಗೇ ಇದ್ದೀನಿ ಮಾವ. ಮಂಗನ ಕೈಗೆ ಕೊಟ್ರೂ ನೆಟ್ಟಗೆ ಕೊಯ್ಯೋ ಗರಗಸ ಅಲ್ವಾ, ಅದಕ್ಕೇ ಆಶ್ಚರ್ಯ ಆಯ್ತು."

ಅವರು ತುಂಡುಗಳನ್ನು ಕೆಳಗಿಟ್ಟರು. ಮತ್ತೆ ಅರ ಹಿಡಿದು ಕೂತರು. ಒಂದು ಸಲ ಪೆಟ್ಟು ಬೀಳಲಿ, ನಾಳೆ ಕಲ್ಲು ಸವರಿದರಾಯಿತು ಅಂದುಕೊಂಡೆ.

ಸೆಪ್ಟೆಂಬರ್ 24

ಇವತ್ತೂ ಸವರಲಿಲ್ಲ. ಇನ್ನೆರಡು ಡ್ರಾಯರ್ ಹೋದವು. ಮಾವ ದಿನಕ್ಕೆ ಎರಡು ಸಲ ಹಲ್ಲು ಅರೆಯುತ್ತಾರೆ, ಅರೆದಷ್ಟೂ ಎಡಕ್ಕೆ. ಹೀಗೆ ಮರ ಹಾಳು ಮಾಡುತ್ತ ಕೂರಲಾಗುವುದಿಲ್ಲ. ನನಗೆ ನನ್ನದೇ ಗರಗಸ ಬೇಕು. ಇದರಲ್ಲಿ ತಪ್ಪೇನಿದೆ? ಕೆಲಸ ಒಪ್ಪಿಕೊಂಡಿದ್ದೇವೆ, ಮಾಡಬೇಕು.

ಅಕ್ಟೋಬರ್ 2

ಕುರೆಬಾಯಾಶಿ ಅಜ್ಜಿಯ ಉಪಕರಣದ ಅಂಗಡಿಗೆ ಹೋಗಿದ್ದೆ. ಕಿರುಬೆರಳಿನಷ್ಟು ದಪ್ಪದ ಹಿಪ್ಪುನೇರಳೆ ಕಡ್ಡಿಗಳನ್ನು ಕೊಂಡೊಯ್ದಿದ್ದೆ. ಬಾಯಿಮಾತು ಯಾರಿಗೆ ಬೇಕು, ಕೊಯ್ದೇ ನೋಡುವುದು ಅಂತ.

ಅಜ್ಜಿ ಮೂರು ಗರಗಸ ಹರಡಿದರು. ಮೊದಲನೆಯದಕ್ಕೆ ಬೆನ್ನುಪಟ್ಟಿಯೇನೋ ಇತ್ತು, ಆದರೆ ಅಲಗು ದಪ್ಪ. ಒಂದು ಕಡ್ಡಿಯಿಂದ ಒಂಬತ್ತು ಹಲಗೆ ಬಂದವು, ಉಳಿದದ್ದೆಲ್ಲ ಹುಡಿ. ಅದು ಬಾಗಿಲು ಚೌಕಟ್ಟು ಮಾಡುವವರ ಗರಗಸ. ಎರಡನೆಯದು ತೆಳುವಾಗಿತ್ತು, ಬೆನ್ನುಪಟ್ಟಿ ಇರಲಿಲ್ಲ. ಮರಕ್ಕೆ ತಾಗಿದ್ದೇ ಮೀನಿನ ಬಾಲದ ಹಾಗೆ ಅತ್ತಿತ್ತ ಆಡಿತು, ಹಲಗೆಗಳು ಒಂದು ಕಡೆ ದಪ್ಪ ಒಂದು ಕಡೆ ತೆಳು. ಮೂರನೆಯದು ಈಗ ಬಂದಿರುವ ಬದಲಿ ಅಲಗಿನದು. ಹಲ್ಲುಗಳನ್ನು ಕಾರ್ಖಾನೆಯಲ್ಲೇ ಕಾಯಿಸಿ ಗಟ್ಟಿ ಮಾಡಿರುತ್ತಾರೆ, ಮೊಂಡಾದರೆ ಅಲಗನ್ನು ಕಳಚಿ ಎಸೆಯಬೇಕು. ಕೊಯ್ದೆ. ಹದಿನಾಲ್ಕು ಹಲಗೆ, ಹದಿನಾಲ್ಕೂ ನೆಟ್ಟಗೆ. ಹಿಪ್ಪುನೇರಳೆಯ ಅಂಚು ಮಾತ್ರ ಸ್ವಲ್ಪ ಸಿಬಿರೆದ್ದಿತ್ತು. ಮನೆಯ ಗರಗಸದಲ್ಲಿ ಹದಿನೈದು ಬರುತ್ತದೆ, ಅಂಚು ಕನ್ನಡಿಯ ಹಾಗಿರುತ್ತದೆ. ಅದನ್ನು ಅಂಗಡಿಯಲ್ಲಿ ಹೇಳಲಿಲ್ಲ.

"ಇದನ್ನ ತಗೊಂಡ್ರೆ ನಿನ್ನ ಮಾವ ಯಾಸಾಬುರೊ ಅವ್ರಿಗೆ ಏನು ಕೆಲಸ ಉಳೀತಮ್ಮಾ?" ಅಂತ ಅಜ್ಜಿ ಕೇಳಿದರು.

"ವಿಶ್ರಾಂತಿ ಅಜ್ಜಿ. ವಯಸ್ಸಾಯ್ತಲ್ಲ."

"ಅವ್ರಿಗೆ ವಿಶ್ರಾಂತಿ ಕೊಡೋದೂ ಒಂದೇ, ವಿಷ ಕೊಡೋದೂ ಒಂದೇ" ಅಂತ ಗೊಣಗುತ್ತಲೇ ಕಾಗದ ಸುತ್ತಿ ಕೊಟ್ಟರು. ಮುದುಕರೆಲ್ಲ ಒಂದೇ ಕಡೆ.

ಅಕ್ಟೋಬರ್ 5

ಹೊಸ ಗರಗಸದಲ್ಲಿ ಮಾವನ ಎದುರಿಗೇ ಕೊಯ್ದೆ. ನಾಲ್ಕು ಡ್ರಾಯರ್, ಒಂದೂ ಹಾಳಾಗಲಿಲ್ಲ. ಅವರು ಮಣೆಯಿಂದ ಎದ್ದು ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು.

"ಹಲ್ಲು ಮೊಂಡಾದ್ರೆ?"

"ಅಲಗು ಎಸೆಯೋದು ಮಾವ. ಹೊಸದು ಸಿಕ್ಕಿಸ್ಕೊಳ್ಳೋದು."

"ಅರ ಹಾಕಿದ್ರೆ?"

"ಅರ ಕಚ್ಚಲ್ಲ. ಬೇಕಾದ್ರೆ ನೋಡಿ."

ನೋಡಿದರು. ಅರ ಕಿರ್ರೆಂದು ಜಾರಿತು. ಅವರು ಗರಗಸವನ್ನು ನೋಡಲಿಲ್ಲ, ಅರವನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನಿಧಾನವಾಗಿ ಅಂದರು, "ನಂಗೆ ಹತ್ತು ದಿನ ಕೊಡು ಇಸೊಕೊ. ನಮ್ಮ ಗರಗಸಾನ ಸರಿ ಮಾಡ್ತೀನಿ. ಮೊಚಿಜುಕಿ ಬರ್ತಾನಲ್ಲ ಹದಿನೈದಕ್ಕೆ, ಅವನ ಮುಂದೇನೇ ನೀನು ಕೊಯ್ದು ನೋಡು. ನೆಟ್ಟಗೆ ಹೋದ್ರೆ ಅದ್ರಲ್ಲೇ ಕೆಲಸ. ಇಲ್ಲಾಂದ್ರೆ ಅರ ಕೆಳಗಿಡ್ತೀನಿ. ಕಿಟಕಿ ಮಣೆ ನಿಂದು, ಮತ್ತೆ ನಾನು ಕೆಲಸಕ್ಕೆ ಅಂತ ಇಲ್ಲಿ ಕೂರಲ್ಲ."

ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಇದೇ ಮೊದಲು. ಆಗಲಿ ಅಂದೆ. ಚೆನ್ನಾಗಿ ಅನ್ನಿಸಿತು.

ಅಕ್ಟೋಬರ್ 11

ಬೆಳಗ್ಗೆಯಿಂದ ಬೈಗಿನ ತನಕ ಅದೇ ಸದ್ದು, ಅರ, ಅರ, ಅರ. ಮಾವ ಟವೆಲ್ಲಿನಿಂದ ಬಲಗೈ ಮಣಿಕಟ್ಟನ್ನು ಮಣೆಯ ಕಾಲಿಗೆ ಕಟ್ಟಿಕೊಂಡಿದ್ದಾರೆ, ನಡುಗದಿರಲಿ ಅಂತ. ಊಟಕ್ಕೆ ಬಿಚ್ಚಲೂ ಮನಸ್ಸಿಲ್ಲ. ಬಿಳಿ ಮೀನು ಹಾಕಿದ ಅನ್ನವನ್ನು ಎಡಗೈಯಲ್ಲಿ ಊಟದ ಕಡ್ಡಿಗಳನ್ನು ಹಿಡಿದು ತಿನ್ನುತ್ತಾ ಎದೆಯ ಮೇಲೆಲ್ಲ ಚೆಲ್ಲಿಕೊಂಡರು. ಒರೆಸುವವಳು ನಾನು.

ಮಧ್ಯಾಹ್ನ ಕರೆದರು. ಗರಗಸ ಚಾಚಿದರು.

"ಎಡಗಡೆ ಹಲ್ಲು ಎದ್ದಿದ್ಯಾ ನೋಡಮ್ಮಾ. ನಂಗೆ ಕಣ್ಣು ಸಾಲಲ್ಲ, ಬೆರಳು ಜಡ್ಡುಗಟ್ಟಿ ಹೋಗಿದೆ."

ಭೂತಗನ್ನಡಿ ಹಿಡಿದು ನೋಡಿದೆ. ಎದ್ದಿತ್ತು. ಮಧ್ಯದಿಂದ ತುದಿಯವರೆಗೂ ಸ್ಪಷ್ಟವಾಗಿ ಎದ್ದಿತ್ತು.

"ಸರಿಯಾಗೇ ಇದೆ ಮಾವ" ಅಂದೆ.

ಅವರ ಮುಖ ಅರಳಿತು. "ಹೌದಾ? ಹೌದಾ?" ಅಂತ ಎರಡು ಸಲ ಕೇಳಿದರು. ಸುಳ್ಳು ಹೇಳಿದೆ ಅಂತ ಬೇಜಾರೇನೂ ಆಗಲಿಲ್ಲ. ಎರಡು ವರ್ಷ ಕದ್ದು ಕಲ್ಲು ಸವರಿ "ಸರಿಯಾಗೇ ಇದೆ" ಅಂದದ್ದೂ ಸುಳ್ಳೇ ತಾನೇ. ಆಗ ಯಾರೂ ನನಗೆ ಪುಣ್ಯ ಬಂತು ಅನ್ನಲಿಲ್ಲ.

ಅಕ್ಟೋಬರ್ 15

ಮುಗಿಯಿತು.

ಮೊಚಿಜುಕಿ ಹತ್ತು ಗಂಟೆಗೆ ಬಂದರು. ಮಾವ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಮದುವೆ ಗಂಡಿನ ಹಾಗೆ ಕೂತಿದ್ದ. ಕೆಳತುಟಿಯ ಮೇಲೆ ಸಣ್ಣ ಸಣ್ಣ ಗೀರುಗಳು, ರಕ್ತ ಒಣಗಿತ್ತು. ಇದೇನು ಅಂತ ಮೊಚಿಜುಕಿ ಕೇಳಿದರು.

"ಕಣ್ಣು ಹೋಯ್ತು, ಬೆರಳು ಹೋಯ್ತು. ತುಟಿ ಇನ್ನೂ ಹೋಗಿಲ್ಲ" ಅಂದ ಮಾವ, ನಗುತ್ತ. "ಹಲ್ಲಿನ ಮೇಲೆ ತುಟಿ ಎಳೆದು ನೋಡ್ದೆ. ಎಡಗಡೆ ಎದ್ದಿತ್ತು. ನನ್ನ ಸೊಸೆಗೂ ಕಾಣಿಸಿರ್ಲಿಲ್ಲ, ಅಷ್ಟು ಸಣ್ಣಕ್ಕೆ. ಇಳಿಸಿಬಿಟ್ಟೆ."

ಗರಗಸ ತೆಗೆದುಕೊಂಡೆ. ಗೆರೆಯ ಮೇಲಿಟ್ಟು ಎಳೆದೆ. ಒಂದು, ಎರಡು, ಮೂರು. ಏನೆಂದು ಬರೆಯಲಿ, ಗರಗಸ ತಾನಾಗಿ ಹೋಗುತ್ತಿತ್ತು. ನನ್ನ ಗಂಡ ಇದ್ದಾಗಲೂ ಅದು ಹೀಗೆ ಕೊಯ್ದಿರಲಿಲ್ಲ. ಗೆರೆಯ ಅರ್ಧ ಅಗಲ ಈಚೆ ಉಳಿಯಿತು, ಅರ್ಧ ಆಚೆ. ನಾಲ್ಕು, ಐದು. ಹೀಗೇ ಹೋದರೆ ನಾಳೆಯಿಂದ ಮತ್ತೆ ಕಿಟಕಿಯ ಪಕ್ಕದಲ್ಲಿ ಆ ಮುಖ, ಬಂದವರ ಮುಂದೆಲ್ಲ ಮಂಗನ ಕಥೆ, ನಾನು ಟೀ ಬಟ್ಟಲು ಹಿಡಿದು ನಗುವುದು. ಆರನೆಯ ಎಳೆತಕ್ಕೆ ನನ್ನ ಮಣಿಕಟ್ಟು ಸ್ವಲ್ಪ ತಿರುಗಿತು. ತಿರುಗಿಸಿದೆ ಅಂತಲೇ ಬರೆಯೋಣ, ಇದನ್ನು ಓದುವವರು ಯಾರಿದ್ದಾರೆ. ಅಲಗು ಎಡಕ್ಕೆ ಹೋಯಿತು.

ತುಂಡನ್ನು ಮೊಚಿಜುಕಿಯವರ ಅಂಗೈಗೆ ಹಾಕಿ, "ಎಡಕ್ಕೆ ಎಳೆಯುತ್ತೆ" ಅಂದೆ.

ಅವರು ನೋಡಿ ನಾಲಿಗೆ ಲೊಚಗುಟ್ಟಿದರು. "ವಯಸ್ಸು ಯಾರನ್ನ ಬಿಟ್ಟಿದೆ ಯಜಮಾನ್ರೇ. ಬಿಡಿ, ಸೊಸೆ ಇದ್ದಾಳಲ್ಲ."

ಮಾವ ತುಂಡನ್ನು ಮುಟ್ಟಿಯೂ ನೋಡಲಿಲ್ಲ. ನನ್ನ ಕಡೆ ತಿರುಗಿ, ನೆಲಕ್ಕೆ ಹಣೆ ತಾಗುವ ಹಾಗೆ ಬಗ್ಗಿ, "ಇಷ್ಟು ದಿನ ತೊಂದರೆ ಕೊಟ್ಟೆ" ಅಂದ. ಎದ್ದು ಒಳಗೆ ಹೋದ.

ಅಕ್ಟೋಬರ್ 16

ಕಿಟಕಿಯ ಪಕ್ಕ ಬೆಳಕು ಒಳ್ಳೆಯದಿದೆ. ಮೊದಲೇ ಕೂರಬೇಕಿತ್ತು.

ನವೆಂಬರ್ 8

ಹದಿಮೂರು ಬೀರು ಮುಗಿದವು. ಅಂಗಡಿಯ ಗರಗಸ ಕೆಟ್ಟದ್ದೇನಲ್ಲ, ಆದರೆ ಹಿಪ್ಪುನೇರಳೆಯ ಅಂಚು ಸಿಬಿರೇಳುವುದು ನಿಲ್ಲಲಿಲ್ಲ. ಪ್ರತಿ ಮೂಲೆಯನ್ನೂ ತಿಕ್ಕಿ ತಿಕ್ಕಿ ಬೆರಳ ತುದಿಯ ಚರ್ಮ ಹೋಗಿದೆ. ಇವತ್ತು ಮುದುಕ ಒಳಗೆ ಮಲಗಿದ್ದಾಗ ಹಳೆಯ ಗರಗಸ ಹೊರಗೆ ತೆಗೆದೆ. ಬೆಣ್ಣೆ ಕೊಯ್ದ ಹಾಗೆ ಕೊಯ್ಯಿತು. ಉಳಿದ ಏಳನ್ನು ಅದರಲ್ಲೇ ಮುಗಿಸುತ್ತೇನೆ. ಉಪಕರಣ ಮನೆಯದು, ಯಾರನ್ನು ಕೇಳಬೇಕು?

ಮುದುಕನ ನಾಟಕ ಜಾಸ್ತಿಯಾಗಿದೆ. ಅರ್ಧ ಬಟ್ಟಲು ಅನ್ನ ಬಿಡುತ್ತಾನೆ. ಗೋಡೆ ನೋಡಿಕೊಂಡು ಕೂರುತ್ತಾನೆ. ಸುಮ್ಮನೆ ಕೂರುವುದು ಬೇಡ ಅಂತ ಹಳೆಯ ದಾರದ ಗಂಟು ಬಿಡಿಸಲು ಕೊಟ್ಟೆ. ಬಿಡಿಸಿದ. ನಾನು ಮತ್ತೆ ಸಿಕ್ಕು ಮಾಡಿ ಮಾರನೆಯ ದಿನ ಕೊಟ್ಟೆ. ಅದನ್ನೂ ಬಿಡಿಸಿದ. ಇಂಥ ಕೆಲಸಕ್ಕೆ ಹೇಗೆ ಕೈ ಆಡುತ್ತದೋ.

ನವೆಂಬರ್ 29

ಇಪ್ಪತ್ತೂ ಒಪ್ಪಿಸಿದೆ. ಮೊಚಿಜುಕಿಯವರು ಮೊದಲ ಸಲ ನನಗೆ "ಇಸೊಕೊ ಅವ್ರೇ" ಅಂದರು.

ಡಿಸೆಂಬರ್ 27

ವರ್ಷ ಮುಗಿಯುವ ಮುಂಚಿನ ಮನೆ ತೊಳೆಯುವ ಕೆಲಸ. ಕಿಟಕಿಯ ಕೆಳಗಿನ ಪೆಟ್ಟಿಗೆಯಲ್ಲಿ ಮುದುಕನ ಹನ್ನೊಂದು ಅರಗಳಿದ್ದವು. ಒಂದೊಂದನ್ನೂ ಎಣ್ಣೆಬಟ್ಟೆಯಲ್ಲಿ ಕೂಸಿನ ಹಾಗೆ ಸುತ್ತಿಟ್ಟಿದ್ದ. ಗುಜರಿ ಗಾಡಿ ಬೀದಿಗೆ ಬಂದಿತ್ತು, ಪೆಟ್ಟಿಗೆಯ ಸಮೇತ ಕೊಟ್ಟುಬಿಟ್ಟೆ. ಮುದುಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೂಗಾಡುತ್ತಾನೆ ಅಂತ ನಾನು ಟೊಂಕ ಕಟ್ಟಿಕೊಂಡು ತಯಾರಾಗಿದ್ದೆ.

"ಆ ಬಟ್ಟೆ ಬಿಚ್ಚಿಟ್ಕೊಳ್ಳೋದಿತ್ತು. ಒಳ್ಳೇ ಬಟ್ಟೆ, ಒರೆಸೋಕೆ ಬರೋದು" ಅಂದ. ಅಷ್ಟೇ.

1987 ಜನವರಿ 1

ಉಪಕರಣಗಳನ್ನೆಲ್ಲ ತೊಳೆದು, ಸಾಲಾಗಿಟ್ಟು, ಮುಂದೆ ಎರಡು ಮೋಚಿ ಅಕ್ಕಿಮುದ್ದೆ ಇಟ್ಟು ಕೈಮುಗಿದೆ. ಅಂಗಡಿಯ ಗರಗಸಕ್ಕೆ ಮೊದಲ ಜಾಗ. ಹಿಂದಿನಿಂದ ಮುದುಕ ಬಂದು, ತನ್ನ ಕನ್ನಡಕ ತೆಗೆದು, ಸಾಲಿನ ಕೊನೆಗೆ ಇಟ್ಟು ಕೂತ. ಅದು ಉಪಕರಣವೇ? ತೆಗೆದು ಅವನ ತೊಡೆಯ ಮೇಲೆ ಹಾಕಿದೆ.

ಜನವರಿ 23

ಮೊಚಿಜುಕಿಯವರು ಖುದ್ದಾಗಿ ಬಂದರು. ಇನ್ನೂ ಆರು ಬೀರು ಬೇಕಂತೆ, ಹಬ್ಬಕ್ಕೆ ಮೊದಲು. ಖುಷಿಯಿಂದ ಒಪ್ಪಿಕೊಂಡೆ. ಹೊರಡುವಾಗ ಅಂದರು, "ಮೊದಲನೇ ಹದಿಮೂರರ ಹಾಗೆ ಬೇಡ, ಕೊನೇ ಏಳು ಇತ್ತಲ್ಲ, ಅದರ ಹಾಗೆ. ಮೂಲೆಯಲ್ಲಿ ಗೆರೆಯೇ ಕಾಣ್ತಿರ್ಲಿಲ್ಲ. ಅದೇ ಕೈ ಬೇಕು ಇಸೊಕೊ ಅವ್ರೇ. ಇಲ್ಲಾಂದ್ರೆ ಈಗ್ಲೇ ಹೇಳಿ, ಬೇರೆ ಕಡೆ ಕೊಡ್ತೀನಿ."

"ಎಲ್ಲಾ ನಂದೇ ಕೈ" ಅಂದೆ.

ಹಳೆಯ ಗರಗಸ ತೆಗೆದು ನೋಡಿದೆ. ಏಳು ಬೀರು ಕೊಯ್ದು ಹಲ್ಲು ಮೊಂಡಾಗಿದೆ. ಮರ ಕೊಯ್ಯುವುದಿಲ್ಲ, ಹರಿಯುತ್ತದೆ. ಕುರೆಬಾಯಾಶಿ ಅಜ್ಜಿಯ ಅಂಗಡಿಗೆ ಓಡಿದೆ. ಇಷ್ಟು ಸಣ್ಣ ಹಲ್ಲು ಅರೆಯುವವರು ಯಾರಾದರೂ ಇದ್ದಾರಾ ಅಂತ ಕೇಳಿದ್ದಕ್ಕೆ ಅಜ್ಜಿ ನನ್ನ ಮುಖವನ್ನೇ ನೋಡಿದರು. "ಊರಿಗೆಲ್ಲಾ ಒಬ್ರೇ ಇದ್ದಿದ್ದು. ನಿನ್ನ ಮನೇಲೇ ಇದ್ದಾರಲ್ಲಮ್ಮಾ."

ಜನವರಿ 25

ಮುದುಕ ಕಿತ್ತಳೆ ಸುಲಿಯುತ್ತಿದ್ದ. ಗರಗಸವನ್ನು ಅವನ ಮುಂದಿಟ್ಟೆ. ಹಲ್ಲಿನ ಮೇಲೆ ತುಟಿ ಎಳೆದು ನೋಡಿದ.

"ಇದ್ರಲ್ಲಿ ಕೊಯ್ದಿದ್ದೀಯ."

"ಹೂಂ. ಏಳು ಬೀರು."

"ಏಳಕ್ಕೆ ಬಂತಾ?" ಅಂತ ಮೆಲ್ಲಗೆ ತಲೆ ಆಡಿಸಿದ. ಅವನಿಗೆ ಸಂತೋಷವಾದದ್ದು ಕಾಣುತ್ತಿತ್ತು. ಇದೇ ಸಮಯ ಅಂತ ನಾನು ದನಿ ತಗ್ಗಿಸಿದೆ.

"ಒಂದ್ಸಲ ಹರಿತ ಮಾಡಿ ಕೊಡಿ ಮಾವ. ಹೊಸ ಅರ ತಂದ್ಕೊಡ್ತೀನಿ."

ಅವನು ಬಲಗೈ ಚಾಚಿ ತೋರಿಸಿದ. ಬೆರಳ ನಡುವೆ ಇದ್ದ ಕಿತ್ತಳೆ ತೊಳೆ ಕುಣಿದು ಕುಣಿದು ಚಾಪೆಯ ಮೇಲೆ ಬಿತ್ತು.

"ದಿನಾ ಹಿಡೀತಿದ್ರೆ ಕೈ ಹೇಳಿದ್ ಮಾತು ಕೇಳುತ್ತೆ. ಮೂರು ತಿಂಗಳು ಬಿಟ್ಟೆ ನೋಡು, ಇನ್ನು ಬರಲ್ಲ. ಕಟ್ಟಿ ಹಾಕಿದ್ರೂ ಬರಲ್ಲ."

ನನಗೆ ಸಿಟ್ಟು ಬಂತು. "ಬಿಡಿ, ಅವತ್ತೂ ಎಡಕ್ಕೇ ಎಳೀತಿತ್ತು. ನಾನೇ ಹೇಗೋ ಸರಿ ಮಾಡ್ಕೊಂಡು ಕೊಯ್ದೆ."

"ಅವತ್ತು ನೆಟ್ಟಗಿತ್ತು ಇಸೊಕೊ." ಅವನ ದನಿಯಲ್ಲಿ ಕೋಪವೇ ಇರಲಿಲ್ಲ. "ಅರವತ್ತು ವರ್ಷದಿಂದ ಕೇಳ್ತಿದ್ದೀನಿ, ನೆಟ್ಟಗೆ ಹೋಗೋ ಗರಗಸದ ಸದ್ದೇ ಬೇರೆ. ಐದು ಎಳೆತ ಸರಿಯಾಗಿ ಹೋಯ್ತು. ಆರನೇದಕ್ಕೆ ನೀನು ಮಣಿಕಟ್ಟು ತಿರುಗಿಸ್ದೆ."

ಚಾಪೆಯ ಮೇಲೆ ಬಿದ್ದ ತೊಳೆಯನ್ನು ಎತ್ತಿ ಬದಿಗಿಟ್ಟೆ. ಕೊನೆಗೆ ಕೇಳಿದೆ, "ಗೊತ್ತಿದ್ರೆ ಯಾಕೆ ಬಾಯಿ ಬಿಡ್ಲಿಲ್ಲ?"

"ಮೊಚಿಜುಕಿ ಕೂತಿದ್ನಲ್ಲ. ಹೊರಗಿನವರ ಮುಂದೆ ಮನೆ ಸೊಸೆನ ಸುಳ್ಳಿ ಅನ್ನೋಕಾಗುತ್ತಾ?"

ಹಾಗೆ ಹೇಳಿ, ಉಳಿದ ಕಿತ್ತಳೆಯನ್ನು ಎರಡು ಪಾಲು ಮಾಡಿ ದೊಡ್ಡದನ್ನು ನನ್ನ ಕಡೆ ತಳ್ಳಿದ.

ಮೂರು ತಿಂಗಳು! ಮೂರು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಬಡಿಸಿದ ಅನ್ನ ತಿಂದಿದ್ದಾನೆ, ನಾನು ಕೊಟ್ಟ ದಾರದ ಗಂಟು ಬಿಡಿಸಿದ್ದಾನೆ, ಗುಜರಿ ಗಾಡಿ ಹೋಗುವುದನ್ನು ನೋಡಿಕೊಂಡು ನಿಂತಿದ್ದಾನೆ. ಅವತ್ತೇ ಒಂದು ಮಾತು ಅಂದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆವು. ಅರಗಳಾದರೂ ಉಳಿಯುತ್ತಿದ್ದವು, ಆರು ಬೀರುಗಳ ಕೆಲಸ ಕೈ ತಪ್ಪುತ್ತಿರಲಿಲ್ಲ. ಬೇಕಂತಲೇ ಸುಮ್ಮನಿದ್ದ. ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಬೇಕು ಅಂತಲೇ. ಇಂಥ ಕಲ್ಲು ಮನಸ್ಸಿನವರನ್ನು ನಾನು ಎಲ್ಲೂ ಕಂಡಿಲ್ಲ.

ಊಟಕ್ಕೆ ಕರೆಯಲಿಲ್ಲ. ಹಸಿವಾದರೆ ತಾನೇ ಬರುತ್ತಾನೆ.